ದುರ್ಗಾಸ್ತಮಾನ ಕೇಳಿ ಮುಗಿಸಲು ಎಷ್ಟು ರಾತ್ರಿ ಬೇಕು?

ಚಿತ್ರದುರ್ಗದಲ್ಲಿ ನಾಲ್ಕು ಪುಸ್ತಕ ಇರುವ ಮನೆಯಲ್ಲಿ ಒಂದು ‘ದುರ್ಗಾಸ್ತಮಾನ’ ಆಗಿರುತ್ತದೆ. ನಿವೃತ್ತಿಗೆ ಉಡುಗೊರೆಯಾಗಿ ಬಂದದ್ದು, ಭಾಷಣ ಸ್ಪರ್ಧೆಯಲ್ಲಿ ಮಗಳು ಗೆದ್ದದ್ದು, ಇಲ್ಲವೇ ಯಾರಿಂದಲೋ ತಂದು ವಾಪಸ್ ಕೊಡದೆ ಉಳಿಸಿಕೊಂಡದ್ದು. ಪೂರ್ತಿ ಓದಿದ್ದೀರಾ ಎಂದು ಕೇಳಿದರೆ ಮಾತು ಬಲುಬೇಗ ಒನಕೆ ಓಬವ್ವನ ಕಡೆಗೆ ಹೊರಳುತ್ತದೆ. ಸ್ವಲ್ಪ ಕೆದಕಿದರೆ ಅದು 1972ರ ‘ನಾಗರಹಾವು’ ಸಿನಿಮಾದಲ್ಲಿ ಜಯಂತಿಯವರು ಮಾಡಿದ ಓಬವ್ವ ಎಂದು ಗೊತ್ತಾಗುತ್ತದೆ. ಪುಸ್ತಕ ತೆರೆದರೆ ನೂರನೆಯ ಪುಟದ ಹತ್ತಿರ ಹಳೆಯ ಬಸ್ ಟಿಕೆಟ್ಟೊಂದು ಸಿಗುತ್ತದೆ. ಓದು ನಿಂತ ಜಾಗ ಅದು.

ಓದುಗರನ್ನು ಬೈಯಲು ನನಗೆ ಮನಸ್ಸಿಲ್ಲ. ತ.ರಾ. ಸುಬ್ಬರಾಯರ ಈ ಕಾದಂಬರಿ ಏಳುನೂರು ಪುಟದ ಆಸುಪಾಸಿನದು. 1754ರಲ್ಲಿ ಪಟ್ಟಕ್ಕೆ ಬಂದ ಎಳೆಯ ಮದಕರಿನಾಯಕ 1779ರಲ್ಲಿ ಹೈದರಾಲಿಗೆ ಕೋಟೆ ಕಳೆದುಕೊಳ್ಳುವ ತನಕದ ಇಪ್ಪತ್ತೈದು ವರ್ಷವನ್ನು ಅವರು ಯಾವ ಅವಸರವೂ ಇಲ್ಲದೆ ಹೇಳುತ್ತಾರೆ. ದುರ್ಗದ ಪಾಳೆಯಗಾರರ ಬಗ್ಗೆ ಅವರು ಬರೆದ ಎಂಟು ಕಾದಂಬರಿಗಳಲ್ಲಿ ಇದು ಕೊನೆಯದು. 1982ರಲ್ಲಿ ಬಂತು, 1984ರಲ್ಲಿ ತರಾಸು ತೀರಿಕೊಂಡರು, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೊದಲ ನೂರು ಪುಟ ಪಟ್ಟದ ಹುರುಪಿನಲ್ಲಿ ಓದಿಸಿಕೊಂಡು ಹೋಗುತ್ತದೆ. ಕೊನೆಯ ನೂರು ಪುಟ ಕೈಬಿಡಲು ಆಗುವುದಿಲ್ಲ. ಸಂಧಾನ, ಸಂಶಯ, ಓಲೆ, ಬೇಹು, ಕಪ್ಪಕಾಣಿಕೆಗಳ ನಡುವಿನ ಐನೂರು ಪುಟದಲ್ಲಿ ಸುಸ್ತಾಗುವುದು.

ಇದನ್ನು ಯಾರಾದರೂ ಗಟ್ಟಿಯಾಗಿ ಓದಿದರೆ ಎಷ್ಟು ಹೊತ್ತು ಹಿಡಿಯುತ್ತದೆ? ಉಸಿರು ತೆಗೆದುಕೊಂಡು, ಸಂಭಾಷಣೆಗೆ ಸಂಭಾಷಣೆಯ ಧಾಟಿ ಕೊಟ್ಟು ಓದಿದರೆ ಪುಟಕ್ಕೆ ಎರಡೂವರೆ ನಿಮಿಷ. ಒಟ್ಟು ಮೂವತ್ತು ಗಂಟೆಗೆ ಹತ್ತಿರ. ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಗಂಟೆ ಎಂದಿಟ್ಟುಕೊಂಡರೆ ಒಂದು ತಿಂಗಳು. ಒಂದು ತಿಂಗಳು ಅಂದರೆ ನಮ್ಮ ಕಡೆ ಒಂದು ಶ್ರಾವಣ.

ಶ್ರಾವಣದ ಹೆಸರೆತ್ತಲು ಕಾರಣವಿದೆ. ಹೊಳಲ್ಕೆರೆ, ಹೊಸದುರ್ಗದ ಹಳ್ಳಿಗಳಲ್ಲಿ ಶ್ರಾವಣ ಮಾಸದ ರಾತ್ರಿಗಳಲ್ಲಿ ಗುಡಿಯಲ್ಲೋ ಮಠದಲ್ಲೋ ಪುರಾಣ ಓದಿಸುವುದಿತ್ತು. ಅಲ್ಲೊಂದು ಇಲ್ಲೊಂದು ಊರಲ್ಲಿ ಈಗಲೂ ಇದೆ. ಒಂದೂರಲ್ಲಿ ಪ್ರಭುಲಿಂಗಲೀಲೆ, ಇನ್ನೊಂದೂರಲ್ಲಿ ಜೈಮಿನಿ ಭಾರತ. ಜೈಮಿನಿ ಬರೆದ ಲಕ್ಷ್ಮೀಶ ದೂರದವನೇನಲ್ಲ, ಹೊಸದುರ್ಗದ ಪಕ್ಕದ ಕಡೂರು ತಾಲ್ಲೂಕಿನ ದೇವನೂರಿನವನು. ಅವನ ವಾರ್ಧಕ ಷಟ್ಪದಿಯನ್ನು ಇವತ್ತು ಕನ್ನಡ ಎಂ.ಎ. ಮಾಡಿದವರೂ ನಿಘಂಟು ಪಕ್ಕಕ್ಕಿಟ್ಟುಕೊಂಡೇ ಓದಬೇಕು. ಅಂಥದ್ದನ್ನು ಹೆಬ್ಬೆಟ್ಟು ಒತ್ತುವ ರೈತರು ತಿಂಗಳುಗಟ್ಟಲೆ ಕೂತು ಕೇಳುತ್ತಿದ್ದರು. ಬಭ್ರುವಾಹನ ಅರ್ಜುನನ ಕಾಳಗ ಬಂದ ದಿನ ಜಾಗ ಸಾಲುತ್ತಿರಲಿಲ್ಲ. ಸುಧನ್ವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಇಳಿಸುವ ಭಾಗ ಬಂದರೆ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ‘ಕಷ್ಟದ ಪುಸ್ತಕ’ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಯಾಕೆಂದರೆ ಓದುವ ಕಷ್ಟ ಒಬ್ಬರದು, ಬಿಡಿಸುವ ಕಷ್ಟ ಇನ್ನೊಬ್ಬರದು. ಪದ್ಯವನ್ನು ರಾಗವಾಗಿ ಹೇಳುವವರೊಬ್ಬರು, ಅರ್ಥ ಹೇಳುವವರೊಬ್ಬರು. ಗಮಕದವರು ಇದನ್ನೇ ವಾಚನ, ವ್ಯಾಖ್ಯಾನ ಎಂದು ಕರೆಯುತ್ತಾರೆ. ಈ ಎರಡನೆಯವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಈ ಲೇಖನದ ತಕರಾರು ಇರುವುದೇ ಅಲ್ಲಿ.

ಹಿರಿಯೂರಿನ ಕಡೆ ಹೋದರೆ ಪುಸ್ತಕವೂ ಇಲ್ಲದ ಮಹಾಕಾವ್ಯ. ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಹಾಡುವವರು ಕೈಯಲ್ಲಿ ಗಣೆ ಹಿಡಿದರೆ ಬೆಳಗಾಗುವ ತನಕ ಕೆಳಗಿಡುತ್ತಿರಲಿಲ್ಲ. ಆ ಉದ್ದನೆಯ ಬಿದಿರ ಕೊಳಲಿನ ದನಿಯ ಜೊತೆ ಜುಂಜಪ್ಪ, ಅವನ ಬಡಮೈಲ ಎಂಬ ಹೋರಿ, ದಾಯಾದಿ ಜಗಳ ಎಲ್ಲ ಬರುತ್ತವೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡು ಪುಸ್ತಕ ಮಾಡಬೇಕಾಯಿತು. ಹಾಡಿದವರ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ರಾತ್ರಿಯೆಲ್ಲ ಕೂತು ಕೇಳಿದವರ ತಾಲೀಮಿನ ಬಗ್ಗೆ ಒಂದು ಪುಟವೂ ಬರೆದಂತಿಲ್ಲ. ಕೇಳುವುದೂ ಕಲಿತು ಬರುವ ವಿದ್ಯೆ. ತಾಳ್ಮೆಯೂ ನಮ್ಮ ಜಿಲ್ಲೆಗೆ ಹೊಸದಲ್ಲ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮಾರಿಕಣಿವೆ ಜಲಾಶಯ ಎರಡನೆಯ ಸಲ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾಯಲು ಬಲ್ಲ ಜಿಲ್ಲೆಗೆ ಮೂವತ್ತು ಗಂಟೆಯ ಕಾದಂಬರಿ ದೊಡ್ಡದಾಗಬಾರದು.

ಈಗ ಕಾಲ ಆ್ಯಪಿನದು. ಮೈಲ್ಯಾಂಗ್‌ನಂಥ ಕನ್ನಡದ್ದೇ ಆದ ಕಡೆ ಇ-ಪುಸ್ತಕದ ಜೊತೆ ಆಡಿಯೊ ಪುಸ್ತಕವೂ ಸಿಗುತ್ತದೆ. ಸ್ಟೋರಿಟೆಲ್‌ನಂಥ ಹೊರಗಿನವರೂ ಕನ್ನಡಕ್ಕೆ ಬಂದರು. ‘ಕೇಳುವುದು ಓದಿದಂತೆ ಆಗುತ್ತದೆಯೇ’ ಎಂಬ ಜಗಳವೂ ಜೊತೆಗೇ ಬಂತು. ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಮೆರಿಕದ ವಿಶ್ಲೇಷಣೆಯೊಂದು 2022ರಲ್ಲಿ ಪ್ರಕಟವಾಗಿದೆ. ಒಟ್ಟಾರೆ ಅರ್ಥವಾಗುವುದರಲ್ಲಿ ಓದುವವರಿಗೂ ಕೇಳುವವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ತಮ್ಮ ವೇಗದಲ್ಲಿ, ಬೇಕಾದಲ್ಲಿ ನಿಂತು, ಹಿಂದೆ ಹೋಗಿ ಓದಲು ಬಿಟ್ಟಾಗ ಮಾತ್ರ ಓದುವವರು ತುಸು ಮುಂದಿದ್ದರು. ಅಂದರೆ ಕಣ್ಣಿಗೆ ಇರುವ ಅನುಕೂಲ ಹಿಂದಕ್ಕೆ ತಿರುಗುವುದು. ಅದೇ ಅನುಕೂಲ ದೊಡ್ಡ ಕಾದಂಬರಿಯಲ್ಲಿ ತಿರುಗುಬಾಣವೂ ಆಗುತ್ತದೆ: ಹಿಂದಕ್ಕೆ ತಿರುಗಬಲ್ಲ ಕಣ್ಣು ಮುಂದಕ್ಕೂ ಹಾರುತ್ತದೆ. ವರ್ಣನೆ ಬಂತೋ, ಎರಡು ಪುಟ ಆಚೆ. ಕಿವಿ ಹಾರುವುದಿಲ್ಲ. ನಡುವಿನ ಐನೂರು ಪುಟ ದಾಟಲು ಅದೇ ಬೇಕಾದದ್ದು.

ಆದರೆ ಕಿವಿ ತೆರೆದಿರಬೇಕಾದರೆ ಕೈಗೆ ಕೆಲಸ ಇರಬೇಕು. ಸುಮ್ಮನೆ ಕುರ್ಚಿಯಲ್ಲಿ ಒರಗಿ ಮಹಾಕಾದಂಬರಿ ಕೇಳಲು ಹೊರಟವರು ಹದಿನೈದು ನಿಮಿಷಕ್ಕೆ ನಿದ್ದೆ ಹೋಗುತ್ತಾರೆ. ಇದನ್ನು ಚೆನ್ನಾಗಿ ಕಂಡುಕೊಂಡವರು ಕಾರ್ಖಾನೆಯ ಕೂಲಿಗಳು. ಕ್ಯೂಬಾದ ಹವಾನಾದಲ್ಲಿ ಚುಟ್ಟ ಸುತ್ತುವವರು 1865ರ ಹೊತ್ತಿಗೇ ಓದಿ ಹೇಳಲೆಂದು ಒಬ್ಬನನ್ನು ಇಟ್ಟುಕೊಂಡರು. ಅವನಿಗೆ ಸಂಬಳ ಮಾಲೀಕರದಲ್ಲ, ಕೂಲಿಗಳೇ ಸೇರಿಸಿ ಕೊಡುತ್ತಿದ್ದದ್ದು. ಬೆಳಿಗ್ಗೆ ಪತ್ರಿಕೆ, ಆಮೇಲೆ ಕಾದಂಬರಿ. ಡ್ಯೂಮಾನ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಅವರಿಗೆ ಎಷ್ಟು ಹಿಡಿಸಿತೆಂದರೆ ಒಂದು ಚುಟ್ಟಕ್ಕೆ ಅದರದೇ ಹೆಸರು ಬಂತು. ನಮ್ಮ ಕಾಸರಗೋಡಿಗೆ ಅಂಟಿಕೊಂಡ ಕಣ್ಣೂರಿನ ಬೀಡಿ ಕಾರ್ಖಾನೆಗಳಲ್ಲಿಯೂ ಇದೇ ನಡೆಯಿತು. ಅಲ್ಲಿ ಓದುವವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡುತ್ತಿದ್ದರು.

ನಮ್ಮ ಹೊಳಲ್ಕೆರೆ, ಭೀಮಸಮುದ್ರ, ಹೊಸದುರ್ಗದ ಕಡೆ ಚುಟ್ಟವಿಲ್ಲ, ಅಡಿಕೆ ಇದೆ. ಗೌರಿ ಹಬ್ಬದ ಆಚೀಚೆ ಶುರುವಾದ ಸುಗ್ಗಿ ದೀಪಾವಳಿ ದಾಟುತ್ತದೆ. ಹಗಲು ಗೊನೆ ಇಳಿಸುವುದು, ಸಂಜೆಯಿಂದ ಸುಲಿಯುವುದು. ಮೆಟ್ಟುಗತ್ತಿಯನ್ನು ಕಾಲಡಿ ಒತ್ತಿ ಹಿಡಿದು ಕೂತರೆ ಕಾಯಿ ಎತ್ತು, ಸೀಳು, ಸಿಪ್ಪೆ ಬಿಡಿಸು, ಬುಟ್ಟಿಗೆ ಹಾಕು. ಇಷ್ಟೇ, ಮಧ್ಯರಾತ್ರಿ ತನಕ. ಕೈಗೆ ಕೆಲಸ ಗೊತ್ತು, ತಲೆ ಖಾಲಿ. ಹಿಂದೆ ಅಲ್ಲಿ ಭದ್ರಾವತಿ ಆಕಾಶವಾಣಿ ಇರುತ್ತಿತ್ತು, ಆಮೇಲೆ ಕ್ಯಾಸೆಟ್ಟಿನ ಭಕ್ತಿಗೀತೆ, ಈಗ ರೀಲ್ಸು. ಸುಲಿಯುವ ಯಂತ್ರ ಬಂದ ಕಡೆ ಗದ್ದಲಕ್ಕೆ ಏನೂ ಕೇಳುವುದಿಲ್ಲ, ಅದು ಬೇರೆ ಮಾತು.

ನಾನು ‘ದುರ್ಗಾಸ್ತಮಾನ’ವನ್ನು ಕೇಳಿದ್ದು ನೆಂಟರೊಬ್ಬರ ಅಂಥ ಅಡಿಕೆ ಮನೆಯಲ್ಲಿ. ಯಾವ ಸ್ಟುಡಿಯೊದಲ್ಲೂ ತಯಾರಾದದ್ದಲ್ಲ. ಆ ಮನೆಯ ಅಜ್ಜನಿಗೆ ಕಣ್ಣು ಮಂಜಾಗಿ ಅಕ್ಷರ ಕಾಣುವುದು ನಿಂತಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗಳು ದಿನಾ ರಾತ್ರಿ ಹತ್ತು ಹದಿನೈದು ಪುಟ ಓದಿ ವಾಟ್ಸ್ಆ್ಯಪ್‌ಗೆ ಹಾಕುತ್ತಿದ್ದಳು. ಕಂತು ಬಂದ ಕೂಡಲೇ ಫೋನನ್ನು ಖಾಲಿ ಸ್ಟೀಲ್ ಚೊಂಬಿನೊಳಗೆ ನಿಲ್ಲಿಸುವುದು. ಚೊಂಬಿನಿಂದ ದನಿ ಗುಂಯ್ ಎನ್ನುತ್ತ ಹತ್ತು ಜನಕ್ಕೆ ಕೇಳುವಷ್ಟು ದೊಡ್ಡದಾಗುತ್ತದೆ. ಹಿಂದೆ ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ. ನಡುವೆ ಅವಳ ಪಿ.ಜಿ.ಯ ಕುಕ್ಕರ್ ಕೂಗುತ್ತಿತ್ತು, ಒಮ್ಮೊಮ್ಮೆ ಆಕಳಿಕೆ. ಕಾದಂಬರಿಯ ರಾಜಮಾತೆ ಗಂಡಿ ಓಬವ್ವ ನಾಗತಿಯ ಮಾತಿಗೆ ಅವಳು ತನ್ನ ಅಜ್ಜಿಯ ದನಿ ತರುತ್ತಿದ್ದಳು. ಪ್ರಧಾನಿ ಕಳ್ಳಿ ನರಸಪ್ಪಯ್ಯನ ಮಾತು ಬಂದರೆ ಅವಳ ಹೈಸ್ಕೂಲು ಹೆಡ್‌ಮಾಸ್ಟರ ಧಾಟಿ. ಕಾಗದದ ಮೇಲೆ ಗೋಜಲಾಗುವ ಹೆಸರುಗಳು ದನಿ ಸಿಕ್ಕ ಮೇಲೆ ಒಂದರ ಮೇಲೊಂದು ಬೀಳಲಿಲ್ಲ.

ಇನ್ನೊಂದು ಅನುಕೂಲ ಈ ಜಿಲ್ಲೆಯವರದೇ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ಎಂದರೆ ಬೆಂಗಳೂರಿನ ಕೇಳುಗನಿಗೆ ನಕ್ಷೆ ಬೇಕು. ಇಲ್ಲಿಯವರಿಗೆ ಸ್ಕೂಲ್ ಟ್ರಿಪ್ಪು ಹೋದ ಜಾಗ. ಮದಕರಿಯನ್ನು ಪಟ್ಟಕ್ಕೆ ಕರೆತಂದ ಜಾನಕಲ್ ಹೊಸದುರ್ಗ ತಾಲ್ಲೂಕಿನದು. ಆ ಹೆಸರು ಬಂದ ಕೂಡಲೇ ಸುಲಿಯಲು ಬಂದಿದ್ದ ಹೆಂಗಸೊಬ್ಬಳು ‘ನಮ್ ತವರ್ ಪಕ್ಕ’ ಅಂದಳು, ಅಲ್ಲಿಂದ ಮುಂದೆ ಮದಕರಿ ಅವಳ ಕಡೆಯವನಾದ. ಇದಕ್ಕೊಂದು ಮಾತು ಸೇರಿಸಬೇಕು. ಕೋಟೆ ಹತ್ತುತ್ತ ಇಯರ್‌ಫೋನಿನಲ್ಲಿ ಈ ಕಾದಂಬರಿ ಕೇಳಿದರೆ ಎಷ್ಟು ಚೆನ್ನ ಎಂದು ಕೆಲವರು ಹೇಳುತ್ತಾರೆ. ಬೇಡ. ಅಲ್ಲಿ ಕಣ್ಣಿಗೆ ಕೆಲಸ ಹೆಚ್ಚು, ಕೋತಿ ಬೇರೆ. ಏಳು ಸುತ್ತೂ ಸರಿಯಾಗಿ ಕಾಣುವುದಿಲ್ಲ, ಕಥೆಯೂ ಕೇಳುವುದಿಲ್ಲ. ಹಿರಿಯೂರಿನಿಂದ ದುರ್ಗದ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಕೇಳಿ, ಅದಾಗುತ್ತದೆ.

ಎಲ್ಲ ದೊಡ್ಡ ಕಾದಂಬರಿಯೂ ಕಿವಿಗೆ ಒಗ್ಗುವುದಿಲ್ಲ. ಭೈರಪ್ಪನವರ ‘ಪರ್ವ’ವನ್ನು ಮೊದಲ ಸಲಕ್ಕೆ ಕೇಳಬೇಡಿ ಎನ್ನುತ್ತೇನೆ. 1979ರ ಆ ಕಾದಂಬರಿ ಒಂದು ಅಧ್ಯಾಯದಲ್ಲಿ ಕುಂತಿಯ ತಲೆಯೊಳಗೆ, ಇನ್ನೊಂದರಲ್ಲಿ ಭೀಮನ ತಲೆಯೊಳಗೆ ಹೋಗಿ ನಿಲ್ಲುತ್ತದೆ. ಈಗಿನದು ಯಾವುದು, ನೆನಪು ಯಾವುದು ಎಂದು ಸಾಲು ಹಿಡಿದು ನೋಡಬೇಕು. ಫೋನಿನ ‘ಹದಿನೈದು ಸೆಕೆಂಡ್ ಹಿಂದಕ್ಕೆ’ ಬಟನ್ ಅದಕ್ಕೆ ಸಾಲದು. ‘ಮಲೆಗಳಲ್ಲಿ ಮದುಮಗಳು’ ಬೇರೆ ಜಾತಿ. ಜನ ಕಿಕ್ಕಿರಿದ ಕಾದಂಬರಿ, ಆದರೆ ನಾಯಿಗುತ್ತಿ ಹುಲಿಯನ ಜೊತೆ ನಡೆದು ಹೋಗುವ ವೇಗದಲ್ಲೇ ಕಥೆ ಹೋಗುವುದರಿಂದ ಕಿವಿ ಜೊತೆಗೆ ನಡೆಯುತ್ತದೆ. 2010ರಲ್ಲಿ ಸಿ. ಬಸವಲಿಂಗಯ್ಯನವರು ಇದನ್ನು ಮೈಸೂರಿನ ರಂಗಾಯಣದಲ್ಲಿ ರಾತ್ರಿಯಿಡೀ, ಒಂಬತ್ತು ಗಂಟೆಯ ನಾಟಕ ಮಾಡಿದಾಗ ಇಷ್ಟು ಹೊತ್ತು ಯಾರು ಕೂರುತ್ತಾರೆ ಎಂದವರಿದ್ದರು. ಜನ ಕೂತರು, ಬೆಂಗಳೂರಿನಲ್ಲಿಯೂ ಕೂತರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಚಳಿಗೆ ಕಂಬಳಿ ಹೊದ್ದು ನಾಟಕ ನೋಡುವ ನಮ್ಮ ಜನಕ್ಕೆ ಇದು ಆಶ್ಚರ್ಯದ ಸಂಗತಿಯೇ ಅಲ್ಲ.

ನನ್ನ ಮಟ್ಟಿಗೆ ಕಿವಿಯಿಂದ ಅತಿ ಹೆಚ್ಚು ಗೆಲ್ಲುವ ಕಾದಂಬರಿ ಗಾತ್ರದಲ್ಲಿ ಸಣ್ಣದು: ದೇವನೂರ ಮಹಾದೇವರ ‘ಕುಸುಮಬಾಲೆ’. ಬಂದಾಗಿನಿಂದ ‘ಅರ್ಥವಾಗುವುದಿಲ್ಲ’ ಎಂಬ ದೂರು ಹೊತ್ತುಕೊಂಡೇ ಇದೆ. ನಂಜನಗೂಡು ಸೀಮೆಯ ಆಡುಮಾತು ದುರ್ಗದವರ ಕಣ್ಣಿಗೆ ಇನ್ನೂ ಕಗ್ಗಂಟು. ವಿದ್ವಾಂಸರಾದ ಎಲ್. ಬಸವರಾಜು ಅವರು ಆ ಗದ್ಯವನ್ನು ಪದ್ಯದ ಸಾಲುಗಳ ಹಾಗೆ ಒಡೆದು ಜೋಡಿಸಿ ಇನ್ನೊಂದು ಪುಸ್ತಕವನ್ನೇ ಮಾಡಿದರು. ಉಸಿರು ಎಲ್ಲಿ ನಿಲ್ಲಬೇಕು ಎಂದು ತೋರಿಸಿದ್ದಷ್ಟೇ ಅವರು ಮಾಡಿದ್ದು. ಆ ಸೀಮೆಯ ಮಾತು ಬಲ್ಲವರು ಗಟ್ಟಿಯಾಗಿ ಓದಿದರೆ ಅದೇ ಕೆಲಸ ತಾನಾಗಿ ಆಗುತ್ತದೆ.

ಹಾಗೆ ಓದುವ ಬಾಯಿ ಮುಖ್ಯ. ಫೋನಿನ ಯಂತ್ರದ ದನಿ ಸುದ್ದಿಗೆ ಪರವಾಗಿಲ್ಲ, ತರಾಸು ಅವರ ಸಂಭಾಷಣೆಗೆ ಬಂದರೆ ಅರಮನೆಯವರೂ ಆಳುಮಕ್ಕಳೂ ಒಂದೇ ಗಂಟಲಲ್ಲಿ ಮಾತಾಡುತ್ತಾರೆ. ಇನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುವವರ ಬಗ್ಗೆ ನಾನು ಏನೂ ಹೇಳದಿರುವುದು ವಾಸಿ.

ಪುಸ್ತಕವನ್ನು ದನಿಯಾಗಿಸುವ ಕೆಲಸ ಲೋಕದಲ್ಲಿ ಶುರುವಾದದ್ದೇ ಕಣ್ಣು ಕಾಣದವರಿಗಾಗಿ. 1935ರಲ್ಲಿ ಬ್ರಿಟನ್ನಿನಲ್ಲಿ ಮೊದಲು ಗ್ರಾಮಫೋನ್ ತಟ್ಟೆಗೆ ಹೋದ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ ಒಂದು, ಕಾನ್ರಾಡನ ‘ಟೈಫೂನ್’ ಒಂದು. ತಟ್ಟೆಯ ಒಂದು ಬದಿಗೆ ಇಪ್ಪತ್ತೈದು ನಿಮಿಷ. ಬೆಂಗಳೂರಿನ ಮಿತ್ರ ಜ್ಯೋತಿ 1990ರಿಂದ ಇದೇ ಹಾದಿಯಲ್ಲಿದ್ದು, ಕನ್ನಡ ಪುಸ್ತಕಗಳನ್ನೂ ಓದಿಸಿ ಧ್ವನಿಮುದ್ರಿಸಿದೆ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿ, ಮುದ್ರಿತ ಅಕ್ಷರ ಓದಲಾಗದವರಿಗಾಗಿ ಪುಸ್ತಕವನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ದಾರಿ ಬಿಟ್ಟಿತು. ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ಭಾರತವೇ. ಹಾಗಾಗಿ ಮೊಮ್ಮಗಳು ಅಜ್ಜನಿಗೆ ಓದಿ ಕಳಿಸಿದ್ದಕ್ಕೆ ಯಾರ ಆಕ್ಷೇಪವೂ ಬರಲಾರದು. ಅದನ್ನೇ ಯೂಟ್ಯೂಬಿಗೆ ಹಾಕಿದರೆ ತಪ್ಪು. ಲೇಖಕ ತೀರಿಕೊಂಡ ಮೇಲೆ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ತರಾಸು ಲೆಕ್ಕದಲ್ಲಿ 2044ರ ಕೊನೆಯವರೆಗೆ. ಊರಿನ ಗ್ರಂಥಾಲಯವೋ ಕಾಲೇಜೋ ಇವತ್ತೇ ಓದಿ ಹಂಚಬೇಕೆಂದಿದ್ದರೆ 1942ರಲ್ಲಿ ತೀರಿಕೊಂಡ ಗಳಗನಾಥರಿದ್ದಾರೆ. ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ವಿಜಯನಗರದ ಹುಟ್ಟಿನ ಕಥೆಯಾದ ಅವರ ‘ಮಾಧವ ಕರುಣಾವಿಲಾಸ’ ಈಗ ಯಾರು ಬೇಕಾದರೂ ಓದಿ ಹಂಚಬಹುದಾದ ದೊಡ್ಡ ಕಾದಂಬರಿ. ಒಂದಿಷ್ಟು ದಪ್ಪ ಭಾಷೆ, ಹಾಗಾಗಿ ಅರ್ಥ ಹೇಳುವವರು ಬೇಕಾದೀತು.

ಅರ್ಥ ಹೇಳುವವರು. ಶ್ರಾವಣದ ಪುರಾಣದಲ್ಲಿ ಇದ್ದು ಆಡಿಯೊ ಪುಸ್ತಕದಲ್ಲಿ ಇಲ್ಲದವರು ಅವರೇ. ಆ್ಯಪ್ ನಮಗೆ ವಾಚನ ಕೊಟ್ಟು ವ್ಯಾಖ್ಯಾನ ಕಿತ್ತುಕೊಂಡಿದೆ. ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳುವವರು ದೊಡ್ಡ ಕಾದಂಬರಿಯನ್ನು ಅರ್ಧಕ್ಕೆ ಬಿಡುತ್ತಿದ್ದರೆ ನನ್ನ ಪ್ರಕಾರ ಕಾರಣ ಇದು. ಗೊತ್ತಾಗದ್ದನ್ನು ಕೇಳಲು ಪಕ್ಕದಲ್ಲಿ ಯಾರೂ ಇಲ್ಲ, ಗೊತ್ತಾದದ್ದನ್ನು ಹೇಳಲೂ ಯಾರೂ ಇಲ್ಲ. ಅಡಿಕೆ ಮನೆ ಆ ತೊಂದರೆಯನ್ನು ತನಗೆ ಅರಿವಿಲ್ಲದೆಯೇ ಬಗೆಹರಿಸಿಕೊಂಡಿತ್ತು. ಕಂತು ಮುಗಿದ ಮೇಲೆ ಫೋನು ಚೊಂಬಿನಿಂದ ಈಚೆ ಬರುತ್ತಿತ್ತು, ಜಗಳ ಶುರುವಾಗುತ್ತಿತ್ತು.

‘ಅಲ್ಲ ಕಣಜ್ಜ, ಪೇಶ್ವೆ ಕಡೆ ಇದ್ದೋನು ಹೈದರನ ಕಡೆ ಯಾಕ್ ಹೋದ? ಹೈದರನ ಕಡೆ ಹೋದೋನು ಅಲ್ಲೇ ಯಾಕ್ ಇರ್ಲಿಲ್ಲ?’ ಎಂದು ಒಬ್ಬ ಹುಡುಗ.

‘ಇಬ್ರು ಗೌಡ್ರ ತೋಟದ ಮಧ್ಯ ನಿಂದೊಂದು ಎಕ್ರೆ ಇದ್ರೆ ನೀನ್ ಯಾರ್ ಕಡೆಗಿರ್ತಿದ್ದೆ ಹೇಳು’ ಎಂದು ಅಜ್ಜ.

ಮರಾಠರು, ಹೈದರ್, ನಿಜಾಮ ಎಂದು ಪಠ್ಯಪುಸ್ತಕ ನಾಲ್ಕು ಪುಟದಲ್ಲಿ ಹೇಳಲಾಗದ್ದು ಅಷ್ಟರಲ್ಲಿ ಬಂತು. ಹುಡುಗ ಒಪ್ಪಲಿಲ್ಲ, ಅಜ್ಜ ಮಾರನೆಯ ದಿನಕ್ಕೆ ಮೊಮ್ಮಗಳಿಂದ ಹಿಂದಿನ ವಾರದ ಕಂತೊಂದನ್ನು ಮತ್ತೆ ತರಿಸಿ ಹಾಕಿಸಿದರು. ಹಾಗೆ ಜಗಳವಾಡಿದ ಮೇಲೆ ನಡುವಿನ ಐನೂರು ಪುಟ ಯಾರಿಗೂ ಉದ್ದವಾಗಲಿಲ್ಲ. ಓಲೆ, ಬೇಹು, ಸಂಧಾನಗಳೇ ಜಗಳಕ್ಕೆ ಸರಕು. ಒಂಟಿಯಾಗಿ ಓದುವಾಗ ಬೇಸರ ತರಿಸಿದ್ದ ಪುಟಗಳವು.

ಹಾಗಾಗಿ ಕೇಳಲು ಹೊರಡುವವರಿಗೆ ನಾನು ಕೊಡುವ ಸಲಹೆ ಉಪಕರಣದ ಬಗ್ಗೆ ಅಲ್ಲ. ಇಬ್ಬರಾಗಿ ಶುರುಮಾಡಿ. ಗಂಡ ಹೆಂಡತಿ, ಅಕ್ಕ ತಂಗಿ, ಒಂದೇ ಬಸ್ಸಿನಲ್ಲಿ ಹೋಗಿಬರುವ ಮೇಷ್ಟ್ರುಗಳು, ಯಾರಾದರೂ ಸರಿ. ಬೇರೆ ಬೇರೆ ಊರಿನಲ್ಲಿದ್ದರೂ ಒಂದೇ ವಾರ ಒಂದೇ ಅಧ್ಯಾಯದಲ್ಲಿದ್ದರೆ ಸಾಕು, ಫೋನಿನಲ್ಲಿ ಜಗಳವಾಡಬಹುದು. ತರಾಸು ಅವರ ಎಂಟನ್ನೂ ಕೇಳುವ ಮನಸ್ಸಿದ್ದರೆ ಕೊನೆಯದರಿಂದ ಶುರುಮಾಡಬೇಡಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೊದಲು. ಹದಿನೇಳನೆಯ ಶತಮಾನದ ಕೊನೆಯ ಭಾಗದ ಕಥೆ, ಗಾತ್ರ ಕಡಿಮೆ, ಓಟ ಜಾಸ್ತಿ. ದಳವಾಯಿ ಮುದ್ದಣ್ಣನ ಪಿತೂರಿ ಬಿಗಿಯಾಗತೊಡಗಿದ ಮೇಲೆ ಅರ್ಧಕ್ಕೆ ನಿಲ್ಲಿಸಿದವರನ್ನು ನಾನಿನ್ನೂ ಕಂಡಿಲ್ಲ.